ಹಳೆಯ ಮೋಟಾರಿನ ಬಣ್ಣ

ಕಳೆದ ಮಾಘಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಸಕಲೇಶಪುರದ ಕಡೆಯ ತನ್ನ ಕಾಫಿ ತೋಟದಿಂದ ಹಾಸನಕ್ಕೆ ಬಂದು, ನನ್ನ ಮನೆಯ ಜಗಲಿಯ ಮೇಲೆ ಕುಳಿತು, ಒಂದು ಪ್ರಶ್ನೆಯನ್ನು ಕೇಳಿದನು. ಸಂಸ್ಕೃತದ ಮೇಷ್ಟರನ್ನು ಹಳೆಯ ಶಿಷ್ಯರು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಕೂಸಿಗೆ ಹೆಸರು ಕೇಳಲು, ಇಲ್ಲವೆ ಲಗ್ನಪತ್ರಿಕೆಯ ಕಾಗುಣಿತವನ್ನು ತಿದ್ದಿಸಲು. ಇವನು ಕೇಳಿದುದೇ ಬೇರೆ. “ಮೇಷ್ಟ್ರೇ, ನಮ್ಮ ತಾತನ ಎಂ. ಜಿ. ಗಾಡಿಗೆ ಯಾವ ಬಣ್ಣ ಹೊಡೆಸಲಿ?”

ಮೋಟಾರುಗಳ ವಿಷಯದಲ್ಲಿ ನನ್ನ ಪಾಂಡಿತ್ಯವು ಬಸ್ಸಿನ ಹಲಗೆಯನ್ನು ಓದುವಷ್ಟರದು. ಹಾಗೆಂದೇ ಹೇಳಿದೆನು. “ಬಣ್ಣದ ವಿಷಯ ಮೋಟಾರಿನದಲ್ಲ ಮೇಷ್ಟ್ರೇ, ಮನೆಯದು” ಎಂದನು ಹುಡುಗ. ಹುಡುಗನೆಂದೆ, ನಲವತ್ತು ದಾಟಿದ ಗೃಹಸ್ಥನು.

ಅವನು ಹೇಳಿದ ವೃತ್ತಾಂತ ಇಷ್ಟು. ಗಾಡಿಯು ಎಂ. ಜಿ. ಕಂಪೆನಿಯವರು ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ ತಯಾರಿಸಿದ ಟಿ. ಸಿ. ಎಂಬ ಜಾತಿಯದು. ೧೯೪೫ರಿಂದ ೧೯೪೯ರವರೆಗೆ ಇಂತಹವು ಸುಮಾರು ಹತ್ತು ಸಾವಿರ ಹೊರಬಿದ್ದವು. ಇಬ್ಬರಿಗಷ್ಟೇ ಆಸನ, ಹತ್ತೊಂಬತ್ತು ಅಂಗುಲದ, ಕಡ್ಡಿಗಳುಳ್ಳ ಎತ್ತರವಾದ ಚಕ್ರಗಳು, ಮುಂದಕ್ಕೆ ಮಡಿಸಿಡಬಹುದಾದ ಗಾಳಿಗಾಜು, ೧೨೫೦ ಘನ ಸೆಂಟಿಮೀಟರಿನ ಎಂಜಿನ್ನು. ಒಡಲು ಪೂರ್ತಿ ಲೋಹದ್ದಲ್ಲ. ಆ್ಯಶ್ ಎಂಬ ಮರದ ಚೌಕಟ್ಟು, ಅದರ ಮೇಲೆ ತಗಡು. ನಮ್ಮ ಊರಿನ ಬಡಗಿಯೂ ಕಮ್ಮಾರನೂ ಕೂಡಿ ಮಾಡಿದಂತೆ. ಅವನ ತಾತಂದಿರು ಇದನ್ನು ೧೯೪೮ರಲ್ಲಿ, ತೋಟವನ್ನು ಮಾರಿ ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡರು. ತಾತಂದಿರ ಕಾಲವೆಲ್ಲ ಗಾಡಿ ಹಸಿರಾಗಿತ್ತು. ೧೯೭೪ರಲ್ಲಿ ಅವನ ತಂದೆ ತಮ್ಮ ಮದುವೆಯ ದಿಬ್ಬಣಕ್ಕೆಂದು ಅದಕ್ಕೆ ಕೆಂಪು ಬಳಿಸಿದರು. ತಂದೆ ತೀರಿಕೊಂಡು ಆರು ವರ್ಷ. ಮಲೆನಾಡಿನ ಮಳೆಗೆ ಮಡ್‌ಗಾರ್ಡಿನ ಮೇಲೆ ಗುಳ್ಳೆ ಎದ್ದು, ಒಂದು ಬಾಗಿಲಿನ ಕೆಳಗೆ ತುಕ್ಕು ಕಾಣಿಸಿಕೊಂಡಿದೆ. ಮುಂಗಾರಿಗೆ ಮೊದಲು ಏನಾದರೂ ಮಾಡಲೇಬೇಕು. ಬೆಂಗಳೂರಿನ ತಜ್ಞರೊಬ್ಬರು ಬಂದು ನೋಡಿ, “ಕೆಂಪನ್ನೆಲ್ಲ ಕೆರೆದು ಮೂಲದ ಹಸಿರಿಗೆ ತನ್ನಿ, ಆಗಲೇ ಇದಕ್ಕೆ ಬೆಲೆ” ಎಂದು ಅಪ್ಪಣೆ ಕೊಟ್ಟು ಹೋಗಿದ್ದಾರೆ. ತಾಯಿಯವರು ಏನೂ ಹೇಳಲಿಲ್ಲ. ಹುಡುಗನನ್ನು ಹಾಸನದವರೆಗೆ ಓಡಿಸಿದುದು ಆ ಮೌನವೇ.

ನಾನು ಹದಿನೈದು ದಿನ ಅವಕಾಶ ಕೇಳಿದೆನು. ಆ ಅವಧಿಯಲ್ಲಿ ಓದಿ ತಿಳಿದುದನ್ನೂ, ಅದರ ತರುವಾಯ ಕಣ್ಣಾರೆ ಕಂಡುದನ್ನೂ ಇಲ್ಲಿ ಬರೆಯುತ್ತೇನೆ. ಮೋಟಾರಿಲ್ಲದ ಮನೆಯವರಿಗೂ ಇದು ಪ್ರಯೋಜನಕ್ಕೆ ಬಂದೀತು. ಹಳೆಯ ಬಾಗಿಲು, ಹಳೆಯ ತೊಟ್ಟಿಲುಗಳು ಎಲ್ಲರ ಮನೆಯಲ್ಲಿಯೂ ಉಂಟು.

ಮೊದಲು ಶಬ್ದದ ವಿಚಾರ. ಇದು ನನ್ನ ದೌರ್ಬಲ್ಯ, ವಾಚಕರು ಕ್ಷಮಿಸಬೇಕು. ನಾವು ಬಣ್ಣವೆನ್ನುವುದು ವರ್ಣಶಬ್ದದ ತದ್ಭವ. ವರ್ಣವನ್ನು ಶಾಬ್ದಿಕರು ‘ಮುಚ್ಚು, ಆವರಿಸು’ ಎಂಬ ಅರ್ಥದ ಧಾತುವಿನಿಂದ ಬಿಡಿಸುತ್ತಾರೆ. ಬಣ್ಣಕ್ಕೆ ಇನ್ನೊಂದು ಹೆಸರು ರಾಗ. ಅದೇ ರಾಗಕ್ಕೆ ಪ್ರೀತಿಯೆಂದೂ ಅರ್ಥ. ಶಿಷ್ಯನ ತೊಡಕು ಈ ಎರಡು ಶಬ್ದಗಳ ನಡುವೆ ಸಿಕ್ಕಿಕೊಂಡಿತ್ತು. ತಜ್ಞರಿಗೆ ಕೆಂಪು ಎಂಬುದು ವರ್ಣ, ಮುಚ್ಚಿದ್ದು, ತೆಗೆಯಬೇಕಾದದ್ದು. ತಾಯಿಗೆ ಅದು ರಾಗವಾಗಿದ್ದಿತೋ ಏನೋ.

ಓಟದ ಗಾಡಿಗಳ ಬಣ್ಣಕ್ಕೆ ಇಷ್ಟೊಂದು ಮಹತ್ವ ಹೇಗೆ ಬಂದಿತೆಂದು ಹುಡುಕಿದಾಗ ಒಂದು ಸ್ವಾರಸ್ಯವಾದ ಚರಿತ್ರೆ ದೊರೆಯಿತು. ೧೯೦೦ರಲ್ಲಿ ಗಾರ್ಡನ್ ಬೆನೆಟ್ ಎಂಬ ಪತ್ರಿಕಾಧಿಪತಿಯ ಹೆಸರಿನಲ್ಲಿ ದೇಶದೇಶಗಳ ನಡುವೆ ಮೋಟಾರು ಪಂದ್ಯಗಳು ಮೊದಲಾದವು. ಧೂಳಿನಲ್ಲಿ ಬರುವ ಗಾಡಿ ಯಾವ ದೇಶದ್ದೆಂದು ದೂರದಿಂದಲೇ ತಿಳಿಯಬೇಕಷ್ಟೆ. ಅದಕ್ಕಾಗಿ ಫ್ರಾನ್ಸಿಗೆ ನೀಲಿ, ಬೆಲ್ಜಿಯಮ್ಮಿಗೆ ಹಳದಿ, ಜರ್ಮನಿಗೆ ಬಿಳುಪು ಎಂದು ಹಂಚಿಕೆಯಾಯಿತು. ಇಟಲಿಯ ಕೆಂಪು ನೆಲೆಯಾದುದು ಅನಂತರ. ೧೯೦೩ರ ಪಂದ್ಯವನ್ನು ನಡೆಸುವ ಸರದಿ ಬ್ರಿಟಿಷರದಾಗಿತ್ತು. ಆದರೆ ಇಂಗ್ಲೆಂಡಿನ ರಸ್ತೆಗಳಲ್ಲಿ ಓಟಕ್ಕೆ ಕಾನೂನು ಅಡ್ಡಿಯಾದುದರಿಂದ ಅದು ಐರ್ಲೆಂಡಿನಲ್ಲಿ ನಡೆಯಿತು. ಆತಿಥ್ಯ ನೀಡಿದ ಆ ಹಸಿರು ನಾಡಿಗೆ ಮರ್ಯಾದೆಯಾಗಿ ಬ್ರಿಟಿಷರು ತಮ್ಮ ಗಾಡಿಗಳಿಗೆ ಹಸಿರು ಬಳಿದರೆಂದು ಪ್ರತೀತಿ. ಇಂಗ್ಲಿಷ್ ಓಟದ ಗಾಡಿಯೆಂದರೆ ಹಸಿರಾಗಿಯೇ ಇರಬೇಕೆಂದು ಬೆಂಗಳೂರಿನ ತಜ್ಞರು ಪಟ್ಟುಹಿಡಿದುದರ ಬೇರು ಇಲ್ಲಿದೆ.

ಜರ್ಮನರು ಬಿಳುಪಿನಿಂದ ಬೆಳ್ಳಿಗೆ ಬಂದುದಕ್ಕೆ ಇನ್ನೊಂದು ಕಥೆಯುಂಟು. ೧೯೩೪ರಲ್ಲಿ ಪಂದ್ಯದ ಗಾಡಿಗಳು ೭೫೦ ಕಿಲೋಗ್ರಾಂ ಮೀರಬಾರದೆಂದು ನಿಯಮವಾಯಿತು. ಮರ್ಸಿಡಿಸ್ ತಂಡದ ಗಾಡಿ ಓಟದ ಹಿಂದಿನ ದಿನ ತೂಕಕ್ಕೆ ಒಂದು ಕಿಲೋ ಹೆಚ್ಚಾಯಿತಂತೆ. ರಾತ್ರಿಯೆಲ್ಲ ಬಿಳಿಯ ಬಣ್ಣವನ್ನು ಕೆರೆದು ತೆಗೆದರಂತೆ. ಬೆಳಿಗ್ಗೆ ಬರಿಯ ಅಲ್ಯುಮಿನಿಯಮ್ಮಿನ ಬೆಳ್ಳಿಮೈ ಹೊಳೆಯಿತಂತೆ. ತಂಡದ ಯಜಮಾನನಾಗಿದ್ದ ನ್ಯೂಬಾವರ್ ತನ್ನ ನೆನಪುಗಳಲ್ಲಿ ಹೇಳಿದ ಕಥೆ ಇದು. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ೧೯೩೨ರಲ್ಲಿಯೇ ಬರ್ಲಿನ್ನಿನ ಆವುಸ್ ಪಥದಲ್ಲಿ ಬಣ್ಣವಿಲ್ಲದ ಬೆಳ್ಳಿಮೈಯ ಮರ್ಸಿಡಿಸ್ ಒಂದು ಓಡಿ ಗೆದ್ದಿತ್ತು. ಒಂದು ಬಣ್ಣದ ವಿಷಯದಲ್ಲಿ ಸ್ಥಳಪುರಾಣ ಹುಟ್ಟಲು ಸಾವಿರ ವರ್ಷ ಬೇಕಾಗಿಲ್ಲವೆಂಬುದು ಇದರಿಂದ ತಿಳಿಯಿತು.

ಇನ್ನು ಬಣ್ಣವೆಂಬ ಪದಾರ್ಥದ ಸಂಗತಿ. ಮೊದಮೊದಲು ಮೋಟಾರಿಗೂ ಸಾರೋಟಿಗೆ ಬಳಿಯುವ ವಾರ್ನಿಷನ್ನೇ ಪದರಪದರವಾಗಿ ಬಳಿಯುತ್ತಿದ್ದರು. ಒಂದು ಗಾಡಿ ಒಣಗಲು ವಾರಗಳೇ ಹಿಡಿಯುತ್ತಿದ್ದವು. ಫೋರ್ಡ್ ಕಂಪೆನಿಯ ಟಿ ಮಾದರಿಯು ೧೯೧೪ರಿಂದ ಹತ್ತು ಹನ್ನೊಂದು ವರ್ಷ ಕಪ್ಪಿನಲ್ಲಿ ಮಾತ್ರ ದೊರೆಯುತ್ತಿತ್ತೆಂಬುದು ಅನೇಕರಿಗೆ ತಿಳಿದ ವಿಷಯ. ೧೯೨೩ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪೆನಿಯು ಗಂಟೆಗಳಲ್ಲಿ ಒಣಗುವ ನೈಟ್ರೋಸೆಲ್ಯುಲೋಸ್ ಮೆರುಗುಬಣ್ಣವನ್ನು ಡುಕೋ ಎಂಬ ಹೆಸರಿನಿಂದ ಹೊರತಂದಿತು. ಓಕ್‌ಲೆಂಡ್ ಎಂಬ ಗಾಡಿಗೆ ಮೊದಲು ನೀಲಿಯಾಗಿ ಬಳಿದರು. ಇಂದಿಗೂ ನಮ್ಮ ಬಡಗಿಗಳು ಬೀರುವಿಗೆ ಹೊಳಪು ಕೊಡುವಾಗ “ಡುಕೋ ಹೊಡೆಸೋಣ” ಎನ್ನುತ್ತಾರಲ್ಲವೆ? ಆ ಮಾತು ಅಲ್ಲಿಂದ ಬಂದುದು.

ಇದರಲ್ಲಿ ಗಮನಿಸತಕ್ಕ ಅಂಶವಿಷ್ಟೆ. ಆ ಕಾಲದ ಬಣ್ಣದ ಹೊಳಪು ಮೃದುವಾದುದು, ಕೈಯಿಂದ ಉಜ್ಜಿ ಬರಿಸಿದುದು. ಈಗಿನವರು ಗಟ್ಟಿಕಾರಕವನ್ನು ಬೆರೆಸಿ ಗಾಳಿಯಂತ್ರದಿಂದ ಸಿಂಪಡಿಸುವ ಬಣ್ಣವು ಗಾಜಿನಂತೆ ಥಳಥಳಿಸುತ್ತದೆ. ಡಬ್ಬಿಯ ಮೇಲೆ ಹಳೆಯ ಹೆಸರೇ ಇದ್ದರೂ ಮೈಮೇಲೆ ಬೀಳುವುದು ಹಳೆಯ ಬಣ್ಣವಲ್ಲ. “ಮೂಲದ ಹಸಿರಿಗೆ ತನ್ನಿ” ಎಂದು ಹೇಳುವುದು ಸುಲಭ; ತಂದಾಗ ಬರುವುದು ಈ ವರ್ಷದ ಹಸಿರೇ ಹೊರತು ೧೯೪೮ರದಲ್ಲ. ಅಂದಮೇಲೆ ನಿಜವಾಗಿ ಐವತ್ತು ವರ್ಷ ಹಳೆಯದಾದ ಕೆಂಪನ್ನು ಕೆರೆದು, ಹಳೆಯದೆಂಬ ಹೆಸರಿನ ಹೊಸತನ್ನು ಬಳಿದಂತಾಗಲಿಲ್ಲವೆ? (ಕೆರೆಯುವವರಿಗೆ ಒಂದು ಎಚ್ಚರಿಕೆ: ಹಳೆಯ ಬಣ್ಣಗಳಲ್ಲಿ ಸೀಸದ ಅಂಶವಿರುವುದುಂಟು. ಒಣಗಿದ ಮೇಲ್ಮೈಯನ್ನು ಉಜ್ಜಿ ಧೂಳೆಬ್ಬಿಸಬಾರದು. ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.)

ನನ್ನ ಮನಸ್ಸನ್ನು ಬಹಳವಾಗಿ ಹಿಡಿದುದು ಬುಗಾಟಿ ಎಂಬ ಗಾಡಿಯ ಕಥೆ. ಆಲ್ಸೇಸ್ ಪ್ರಾಂತದ ಮೋಲ್ಸೈಮ್ ಎಂಬ ಸಣ್ಣ ಊರಿನಲ್ಲಿ ಇಟಲಿ ಮೂಲದ ಎತೋರೆ ಬುಗಾಟಿಯು ಕಟ್ಟಿದ, ಐವತ್ತೊಂಬತ್ತನೆಯ ಮಾದರಿಯ ಓಟದ ಗಾಡಿ. ಎಂಟು ಸಿಲಿಂಡರುಗಳ ಎಂಜಿನ್ನು. ವೀಣೆಯ ತಂತಿಗಳನ್ನು ಬಿಗಿದಂತೆ ಕಾಣುವ ಚಕ್ರಗಳು. ಫ್ರಾನ್ಸಿನದಾದುದರಿಂದ ನೀಲಿ. ೧೯೩೪ರಲ್ಲಿ ರೆನೆ ಡ್ರೇಫಸ್ ಎಂಬ ಸಾರಥಿ ಇದನ್ನು ಓಡಿಸಿ ಬೆಲ್ಜಿಯಮ್ಮಿನ ಮಹಾಪಂದ್ಯವನ್ನು ಗೆದ್ದನು. ಕೆಲವು ವರ್ಷಗಳಲ್ಲಿ ಕಾರ್ಖಾನೆಯವರೇ ಇದನ್ನು ರಸ್ತೆಯಲ್ಲಿಯೂ ಓಡಬಲ್ಲ ಕ್ರೀಡಾವಾಹನವಾಗಿ ಮಾರ್ಪಡಿಸಿದರು. ತರುವಾಯ ಅದನ್ನು ಕೊಂಡವನು ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೋಪೋಲ್ಡ್.

ಈ ದೊರೆಯ ಬಾಳಿನಲ್ಲಿ ಮೋಟಾರು ಒಂದು ಕಠಿಣವಾದ ಅಧ್ಯಾಯ. ೧೯೩೫ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಒಂದು ಸರೋವರದ ದಡದಲ್ಲಿ ಇವನೇ ನಡೆಸುತ್ತಿದ್ದ ಗಾಡಿ ದಾರಿ ತಪ್ಪಿ, ರಾಣಿ ಆಸ್ಟ್ರಿಡ್ ಅಲ್ಲಿಯೇ ಮೃತಳಾದಳು. ಅವಳಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಅದಾದ ಕೆಲವು ವರ್ಷಗಳ ಮೇಲೆ ಈ ನೀಲಿಯ ಬುಗಾಟಿ ಅರಮನೆಗೆ ಬಂದಿತು. ದೊರೆಯು ಅದನ್ನು ಕಪ್ಪು ಮಾಡಿಸಿ, ಅದರ ಮೇಲೆ ಒಂದು ಹಳದಿಯ ಪಟ್ಟೆಯನ್ನು ಎಳೆಸಿದನು.

ಅನಂತರ ಆ ಗಾಡಿಯನ್ನು ಕೊಂಡವರೆಲ್ಲ ಎದುರಿಸಿದುದು ನನ್ನ ಶಿಷ್ಯನ ಪ್ರಶ್ನೆಯನ್ನೇ. ಗೆದ್ದ ಬಣ್ಣ ನೀಲಿ. ಹುಟ್ಟಿದ ಬಣ್ಣ ನೀಲಿ. ಆದರೂ ಅವರು ಕಪ್ಪನ್ನು ಮುಟ್ಟಲಿಲ್ಲ. ಅದು ಸವೆಯಿತು, ಬಿರುಕುಬಿಟ್ಟಿತು, ಅಲ್ಲಲ್ಲಿ ಉದುರಿತು, ಹಾಗೆಯೇ ಬಿಟ್ಟರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೆಬಲ್ ಬೀಚ್ ಎಂಬಲ್ಲಿ ೧೯೫೦ರಿಂದ ಹಳೆಯ ಗಾಡಿಗಳ ಸೌಂದರ್ಯಸ್ಪರ್ಧೆ ನಡೆದುಬರುತ್ತಿದೆ. ಕನ್ನಡಿಯಂತೆ ಹೊಳೆಯುವಂತೆ ಹೊಸದಾಗಿ ಬಣ್ಣ ಬಳಿದ ಗಾಡಿಗಳೇ ಅಲ್ಲಿ ಅಗ್ರಸ್ಥಾನವನ್ನು ಪಡೆಯುವುದು ವಾಡಿಕೆ. ೨೦೨೪ರಲ್ಲಿ ಮೊಟ್ಟಮೊದಲ ಬಾರಿಗೆ ಆ ಅಗ್ರಸ್ಥಾನ, ನವೀಕರಣಗೊಳ್ಳದೆ ಇದ್ದಂತೆ ಉಳಿಸಿಕೊಂಡ ಒಂದು ಗಾಡಿಗೆ ದೊರೆಯಿತು. ಅದೇ ಈ ಕಪ್ಪು ಬುಗಾಟಿ, ಬಿರುಕುಬಿಟ್ಟ ಬಣ್ಣ, ಹಳದಿಯ ಪಟ್ಟೆ ಸಮೇತವಾಗಿ.

ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ನಡೆದ ಕಥೆಯೊಂದೂ ಉಂಟು. ಜ್ಯಾನಿಸ್ ಜಾಪ್ಲಿನ್ ಎಂಬ ಅಮೆರಿಕದ ಹಾಡುಗಾರ್ತಿಯು ೧೯೬೪ರ ಒಂದು ಪೋರ್ಷೆ ಗಾಡಿಯನ್ನು ಹಳೆಯದಾಗಿ ಕೊಂಡು, ಪರಿಚಿತನಾದ ಒಬ್ಬ ಚಿತ್ರಕಾರನಿಂದ ಅದರ ಮೈತುಂಬ ಚಿಟ್ಟೆ, ಕಣ್ಣು, ಬೆಟ್ಟ ಮುಂತಾದ ಬಗೆಬಗೆಯ ಚಿತ್ರಗಳನ್ನು ಬರೆಯಿಸಿದಳು. ೧೯೭೦ರಲ್ಲಿ ಅವಳು ಸತ್ತಳು. ಚಿತ್ರಗಳು ಉದುರತೊಡಗಿದಾಗ ಮನೆಯವರು ಕಾರ್ಖಾನೆಯ ಮೂಲವರ್ಣವಾದ ಬೂದಿಯನ್ನೇ ಬಳಿಸಿದರು. ಶಾಸ್ತ್ರದಂತೆ ಸರಿಯಾದುದೇ. ಆದರೆ ಅದು ಯಾರದೋ ಪೋರ್ಷೆಯಾಗಿ ನಿಂತಿತು, ಅವಳದಾಗಿರಲಿಲ್ಲ. ೧೯೯೦ರ ದಶಕದಲ್ಲಿ ಒಡಹುಟ್ಟಿದವರು ಛಾಯಾಚಿತ್ರಗಳನ್ನಿಟ್ಟುಕೊಂಡು ಕಲಾವಿದರಿಂದ ಆ ಚಿತ್ರಗಳನ್ನೆಲ್ಲ ಮರಳಿ ಬರೆಯಿಸಬೇಕಾಯಿತು. ೨೦೧೫ರಲ್ಲಿ ಆ ಗಾಡಿ ನ್ಯೂಯಾರ್ಕಿನ ಹರಾಜಿನಲ್ಲಿ ಹದಿನೇಳು ಲಕ್ಷ ಡಾಲರಿಗೂ ಮೀರಿ ಮಾರಿತು. ಬೆಲೆಯ ವಿಷಯವನ್ನು ಬೆಂಗಳೂರಿನ ತಜ್ಞರು ಎತ್ತಿದುದರಿಂದ ಇದನ್ನು ಬರೆದೆನು. ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕಾಗಿ ೧೯೬೪ರಲ್ಲಿ ವೆನಿಸ್ ನಗರದಲ್ಲಿ ವಿದ್ವಾಂಸರು ಸೇರಿ ಒಂದು ಶಾಸನವನ್ನು ಬರೆದರು. ಒಂದರ ಮೇಲೊಂದು ಕಾಲದ ಕೆಲಸವು ಕೂಡಿರುವಾಗ ಎಲ್ಲ ಕಾಲದ ಕೊಡುಗೆಗೂ ಗೌರವ ಸಲ್ಲಬೇಕು. ಮೇಲಿನದನ್ನು ತೆಗೆದು ಕೆಳಗಿನದನ್ನು ಕಾಣಿಸುವುದು, ಮೇಲಿನದು ಅಲ್ಪವಾಗಿಯೂ ಕೆಳಗಿನದು ಬಹುಮೂಲ್ಯವಾಗಿಯೂ ಇದ್ದಾಗ ಮಾತ್ರ ನ್ಯಾಯ ಎಂಬುದು ಅದರ ಒಂದು ವಿಧಿಯ ತಾತ್ಪರ್ಯ. ಹಳೆಯ ಮೋಟಾರುಗಳ ಅಂತರರಾಷ್ಟ್ರೀಯ ಒಕ್ಕೂಟವು ಇದೇ ಜಾಡಿನಲ್ಲಿ ೨೦೧೨ರಲ್ಲಿ ಟ್ಯೂರಿನ್ ಶಾಸನವೆಂಬುದನ್ನು ಅಂಗೀಕರಿಸಿತು. ನಮ್ಮ ಭಾರತ ಸರ್ಕಾರವೂ ೨೦೨೧ರಲ್ಲಿ ಐವತ್ತು ವರ್ಷ ಮೀರಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ಮಾಡಿ, ಅವು ಮೂಲರೂಪದಲ್ಲಿಯೇ ಇರಬೇಕೆಂದಿತು. ಅಲ್ಲಿ ಮಾರ್ಪಡಬಾರದೆಂದು ಹೆಸರಿಸಿರುವುದು ಚಾಸಿಸ್, ಒಡಲು, ಎಂಜಿನ್ನು ಇವುಗಳನ್ನು. ಬಣ್ಣ ಬದಲಾಯಿಸುವವರು ನೋಂದಣಿಪತ್ರದಲ್ಲಿ ಅದನ್ನು ತಿದ್ದಿಸಲು ಮಾತ್ರ ಮರೆಯಬಾರದು.

ವೆನಿಸಿನವರ ವಿಧಿಯನ್ನು ಓದಿದಾಗ ನನಗೆ ನನ್ನದೇ ಒಂದು ತಪ್ಪು ನೆನಪಾಗಿ ಮನಸ್ಸು ಕುಗ್ಗಿತು. ನಮ್ಮ ಮನೆಯ ನಡುಬಾಗಿಲಿನ ಚೌಕಟ್ಟಿನ ಮೇಲೆ ನನ್ನ ತಾಯಿ ಪ್ರತಿ ಯುಗಾದಿಗೂ ಮಕ್ಕಳನ್ನು ನಿಲ್ಲಿಸಿ ಎತ್ತರವನ್ನು ಸೀಸದಕಡ್ಡಿಯಿಂದ ಗುರುತು ಮಾಡುತ್ತಿದ್ದಳು. ನನ್ನದು, ತಂಗಿಯದು, ಏಳನೆಯ ವಯಸ್ಸಿನಲ್ಲಿ ತೀರಿಕೊಂಡ ತಮ್ಮನದು. ಮಗಳ ಮದುವೆಗೆ ಮನೆ ಲಕ್ಷಣವಾಗಿ ಕಾಣಲೆಂದು ನಾನು ಆಳುಗಳನ್ನು ಕರೆಯಿಸಿ, ಚೌಕಟ್ಟನ್ನು ಉಪ್ಪುಕಾಗದದಿಂದ ಉಜ್ಜಿಸಿ, ಎಣ್ಣೆಬಣ್ಣ ಬಳಿಸಿದೆನು. ಮುಗಿದ ಮೇಲೆ ತಂಗಿ ಬಂದಳು, ಬಾಗಿಲಲ್ಲಿ ನಿಂತಳು, ಚೌಕಟ್ಟನ್ನು ಒಮ್ಮೆ ಸವರಿ ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ. ತಮ್ಮನ ಭಾವಚಿತ್ರ ನಮ್ಮಲ್ಲಿಲ್ಲ. ಇದ್ದುದು ಆ ಏಳು ಗೀಟುಗಳು.

ಶಿಷ್ಯನ ತಾಯಿಯವರ ಮೌನದ ವಿಷಯ ಕೇಳಿದಾಗಲೇ ನಾನು ಬೆಚ್ಚಿದುದು ಏಕೆಂದು ವಾಚಕರಿಗೆ ಈಗ ತಿಳಿದಿರಬಹುದು.

ಫಾಲ್ಗುನದಲ್ಲಿ ತೋಟಕ್ಕೆ ಹೋದೆನು. ಕಾಫಿ ಒಣಗಿಸುವ ಕಣದ ಪಕ್ಕದ ಕೊಟ್ಟಿಗೆಯಲ್ಲಿ ಗಾಡಿ ನಿಂತಿತ್ತು. ಕೆಂಪು ಎಂದರೂ ಬಿಸಿಲಿಗೆ ಬಿದ್ದ ಕಡೆ ಅದು ಮಾಸಿದ ದಾಸವಾಳದ ಹಾಗಾಗಿತ್ತು. ಹಾಸನದಿಂದ ಬಂದ ಬಣ್ಣದ ಕೆಲಸದವನು ಅನುಭವಸ್ಥ. ಆಸನದ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಒಂದೆಡೆ, ನೀರು ಹಾಕಿ ಸಣ್ಣ ಕಾಗದದಿಂದ ನಾಣ್ಯದಗಲ ಮೆಲ್ಲನೆ ಉಜ್ಜಿದನು. ಮರದ ದಿಮ್ಮಿಯನ್ನು ಅಡ್ಡವಾಗಿ ಕೊಯ್ದರೆ ಕಾಣುವಂತೆ ಬಳೆಬಳೆಯಾಗಿ ಪದರಗಳು ಮೂಡಿದವು. ಕೆಂಪು, ಅದರೊಳಗೆ ಬೂದುಬಣ್ಣದ ಪ್ರೈಮರು, ಅದರೊಳಗೆ ತಾತನ ಹಸಿರು, ಅದರ ಒಳಗೆ, ಎಲ್ಲರೂ ಬಗ್ಗಿ ನೋಡುವಂತೆ, ಕಪ್ಪು. ಅದರ ಕೆಳಗೆ ತಗಡು.

ಶಿಷ್ಯನು ಮಂಕಾದನು. ಈ ಜಾತಿಯ ಗಾಡಿಗಳು ೧೯೪೫ರಲ್ಲಿ ಮೊದಲು ಹೊರಬಿದ್ದಾಗ ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿದ್ದವೆಂದೂ, ಹಸಿರು ಕೆಂಪುಗಳು ತರುವಾಯ ಸೇರಿದವೆಂದೂ ನಾನು ಓದಿದ್ದೆನು, ಹೇಳಿದೆನು. ಹಾಗಾದರೆ ಮೂರು ತಲೆಮಾರಿನಿಂದ ಮನೆಯವರು ಮೂಲವೆಂದು ನಂಬಿದ್ದ, ಬೆಂಗಳೂರಿನ ತಜ್ಞರು ಮೂಲವೆಂದು ವಿಧಿಸಿದ ಹಸಿರು ಮೂಲವೇ ಅಲ್ಲ. ಮೂಲವು ಆ ದೊರೆಯ ಕಪ್ಪು.

ತಾಯಿಯವರು ಕಾಫಿ ತಂದಿಟ್ಟು, ಬಗ್ಗಿ ಆ ಬಳೆಗಳನ್ನು ನೋಡಿ ನಕ್ಕರು. “ನಮ್ಮ ಮಾವನವ್ರಿಗೆ ದೊರೆ ಗಾಡಿ ಬೇಕಿತ್ತು ಮೇಷ್ಟ್ರೇ, ದೊರೆ ಬಣ್ಣ ಬೇಕಿರ್ಲಿಲ್ಲ” ಎಂದರು.

“ಮತ್ತೆ ನಿಮಗೆ ಯಾವುದು ಬೇಕಮ್ಮಾ?” ಎಂದು ಕೇಳಿದೆನು.

“ನನ್ನ ಯಾರು ಕೇಳಿದ್ರು?” ಎಂದರು. ಮಗನು ತಲೆ ತಗ್ಗಿಸಿದನು. ಅವರಿಗೆ ಅದು ನಿಷ್ಠುರದ ಮಾತೆಂದೇ ತೋರಿರಲಿಕ್ಕಿಲ್ಲ. ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಿಳಿಯ ಪಂಚೆಯಲ್ಲಿ ಸುತ್ತಿದ ಒಂದು ಸೀರೆಯನ್ನು ತಂದು ಬಿಚ್ಚಿದರು. ಧಾರೆಯ ಸೀರೆ, ಅರಿಸಿನ ಬಣ್ಣ, ಅಗಲವಾದ ಅಂಚು. ಮಂಡಿಯ ಭಾಗದಲ್ಲಿ ಅಂಗೈಯಗಲದ ಒಂದು ಕೆಂಪು ಕಲೆ. ದಿಬ್ಬಣದ ದಿನಕ್ಕೆ ಗಾಡಿಯ ಬಣ್ಣ ಪೂರ್ತಿ ಒಣಗಿರಲಿಲ್ಲವಂತೆ. ಹತ್ತುವಾಗ ಬಾಗಿಲಿನ ಅಂಚು ತಗುಲಿತಂತೆ. “ಅತ್ತು ಮುಗಿಸೋ ಹೊತ್ತಿಗೆ ಇವ್ರ ಊರು ಬಂದಿತ್ತು. ಇವ್ರು ದಾರಿಯುದ್ದಕ್ಕೂ ಒಂದೇ ಹೇಳಿದ್ದು, ಇನ್ನೊಂದ್ ಸೀರೆ ತಂದ್ಕೊಡ್ತೀನಿ ಅಂತ.” ತಂದುಕೊಟ್ಟರೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಬಣ್ಣದವನು ಮಾತ್ರ ಬೇರೊಂದನ್ನು ನೋಡುತ್ತಿದ್ದನು. ಸೀರೆಯ ಮೇಲಿನ ಕಲೆಗೆ ಐವತ್ತು ವರ್ಷ ಬಿಸಿಲು ಸೋಕಿಲ್ಲ. ಪೆಟ್ಟಿಗೆಯ ಕತ್ತಲೆಯಲ್ಲಿ ಅದು ಬಳಿದ ದಿನದ ಕೆಂಪಾಗಿಯೇ ಇದೆ. ಗಾಡಿಯ ಮೇಲೆ ಎಲ್ಲಿಯೂ ಉಳಿಯದ ಆ ಬಣ್ಣವು ಅಲ್ಲಿ ಉಳಿದಿದೆ. “ಸಾರ್, ಇದ್ರಿಂದ ಷೇಡ್ ಹಿಡೀಬಹುದು” ಎಂದನು.

ತುಕ್ಕು ಹಿಡಿದ ಬಾಗಿಲಿನ ಅಡಿಯನ್ನೂ, ಗುಳ್ಳೆಯೆದ್ದ ಎರಡು ಮಡ್‌ಗಾರ್ಡುಗಳನ್ನೂ ಮಾತ್ರ ಸರಿಪಡಿಸಿ ಕೆಂಪು ಬಳಿಯುವುದು, ಗಟ್ಟಿಯಾಗಿ ಉಳಿದುದನ್ನು ತೊಳೆದು ಮೇಣ ಹಚ್ಚಿ ಬಿಡುವುದು, ಆಸನದ ಹಿಂದಿನ ಆ ಬಳೆಗಳನ್ನು ಹಾಗೆಯೇ ಇಡುವುದು ಎಂದು ಅಂದೇ ತೀರ್ಮಾನವಾಯಿತು. ಹೊಸ ಕೆಂಪಿಗೂ ಮಾಸಿದ ಕೆಂಪಿಗೂ ಹೊಂದಿಕೆಯಾಗದೆಂದು ಬಣ್ಣದವನು ಮೊದಲೇ ಹೇಳಿದನು. ಆಗದಿದ್ದರೆ ಬೇಡವೆಂದನು ಶಿಷ್ಯ. ಬೆಂಗಳೂರಿನ ತಜ್ಞರು ದೂರವಾಣಿಯಲ್ಲಿ ಇದನ್ನು ಕೇಳಿ ಬಹಳ ಖೇದಪಟ್ಟರಂತೆ. ಅವರ ಪಕ್ಷದಲ್ಲಿಯೂ ನ್ಯಾಯವಿಲ್ಲವೆಂದಲ್ಲ. ಯಾವುದೋ ಪಂದ್ಯದಲ್ಲಿ ಗೆದ್ದು ಆ ಬಣ್ಣದಿಂದಲೇ ಹೆಸರಾದ ಗಾಡಿಗೆ, ವ್ಯಾಪಾರಿಯೊಬ್ಬನು ಮಾರುವ ಆತುರಕ್ಕಾಗಿ ಬೇರೆ ಬಣ್ಣ ಮೆತ್ತಿದ್ದರೆ ನಾನೂ ಕೆರೆಯಿರಿ ಎನ್ನುತ್ತಿದ್ದೆನು. ಇದು ಅಂತಹ ಗಾಡಿಯಲ್ಲ.

ಬಣ್ಣದವನು ಸೀರೆಯನ್ನು ಹಾಸನಕ್ಕೆ ಒಯ್ಯುತ್ತೇನೆಂದು ಕೇಳಿದನು. ತಾಯಿಯವರು ಕೊಡಲಿಲ್ಲ. ಮರುವಾರ ಅವನೇ ಡಬ್ಬಿಗಳನ್ನು ಹೊತ್ತು ತೋಟಕ್ಕೆ ಬಂದು, ಜಗಲಿಯ ಮೇಲೆ ಕುಳಿತು, ತಗಡಿನ ಚೂರುಗಳ ಮೇಲೆ ಕೆಂಪನ್ನು ಬೆರೆಸಿ ಬೆರೆಸಿ ಸೀರೆಯ ಪಕ್ಕದಲ್ಲಿ ಹಿಡಿದು ತೋರಿಸಿದನಂತೆ. ಮೊದಲನೆಯದನ್ನು ಅವರು ಬೇಡವೆಂದರು, ಎರಡನೆಯದನ್ನೂ ಬೇಡವೆಂದರು. ನಾಲ್ಕನೆಯದಕ್ಕೆ ತಲೆಯಾಡಿಸಿದರೆಂದು ಶಿಷ್ಯನು ಕಾಗದ ಬರೆದಿದ್ದಾನೆ.